ನಾಲ್ಕು ಮಡುಗಳ ಲೆಕ್ಕ

ದಿನ ತುಂಬುತ್ತಿರುವ ಗರ್ಭಿಣಿಯ ಸ್ಕ್ಯಾನಿಂಗ್ ವರದಿಯಲ್ಲಿ 'ಎಎಫ್‌ಐ', ಅಂದರೆ ಗರ್ಭಜಲ ಸೂಚ್ಯಂಕ, 5 ಸೆಂ.ಮೀ. ಅಥವಾ ಅದಕ್ಕಿಂತ ಕೆಳಗಿದ್ದರೆ 'ನೀರು ಕಡಿಮೆಯಾಗಿದೆ' ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ ಸಿಸೇರಿಯನ್ ಪ್ರಸ್ತಾಪವಾಗುವುದೂ ಅಪರೂಪವಲ್ಲ. ಆದರೆ ಈ ಅಂಕಿ ಹುಟ್ಟುವ ಬಗೆಯನ್ನು ಹತ್ತಿರದಿಂದ ಗಮನಿಸಿದವರು ಅದನ್ನು ಅಷ್ಟು ಸುಲಭವಾಗಿ ನಂಬಲಾರರು.

1987ರಲ್ಲಿ ಅಮೆರಿಕದ ಫೆಲನ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಕ್ರಮದಲ್ಲಿ, ಅಂಗಾತ ಮಲಗಿದ ಗರ್ಭಿಣಿಯ ಹೊಟ್ಟೆಯನ್ನು ಹೊಕ್ಕುಳಿನ ಸುತ್ತ ನಾಲ್ಕು ಭಾಗ ಮಾಡಿ, ಪ್ರೋಬನ್ನು ನೆಲಕ್ಕೆ ಲಂಬವಾಗಿ ಹಿಡಿದು, ಹೊಕ್ಕುಳಬಳ್ಳಿಯಾಗಲಿ ಮಗುವಿನ ಕೈಕಾಲಾಗಲಿ ಅಡ್ಡಬರದ ನೀರಿನ ಮಡುವನ್ನು ಪ್ರತಿ ಭಾಗದಲ್ಲೂ ಹುಡುಕಿ, ನಾಲ್ಕರ ಆಳಗಳನ್ನೂ ಕೂಡಲಾಗುತ್ತದೆ. ಮಗು ಕಾಲು ಚಾಚಿದರೆ ಮಡು ಬೇರೆಯಾಗುತ್ತದೆ. ಪ್ರೋಬನ್ನು ಒತ್ತಿದರೆ ಆಳ ಕುಗ್ಗುತ್ತದೆ. ತಾಯಿ ಎರಡು ಲೀಟರ್ ನೀರು ಕುಡಿದರೆ ಕೆಲವೇ ಗಂಟೆಗಳಲ್ಲಿ ಸೂಚ್ಯಂಕ ಏರುವುದನ್ನು ಪ್ರಯೋಗಗಳೇ ತೋರಿಸಿವೆ. ನಿಜವಾದ ಪ್ರಮಾಣ ತಿಳಿಯಲು ಸೂಜಿಯಿಂದ ಗುರುತಿನ ದ್ರಾವಣವನ್ನು ಗರ್ಭಜಲಕ್ಕೆ ಸೇರಿಸಿ ಅದು ಎಷ್ಟು ತೆಳುವಾಯಿತೆಂದು ಅಳೆಯಬೇಕಾಗುತ್ತದೆ. ನಿತ್ಯದ ತಪಾಸಣೆಯಲ್ಲಿ ಯಾರೂ ಅದನ್ನು ಮಾಡುವುದಿಲ್ಲ.

ಇನ್ನೊಂದು ಅಳತೆ ಸರಳವಾದುದು: ಎಲ್ಲಕ್ಕಿಂತ ಆಳವಾದ ಒಂದೇ ಮಡು 2 ಸೆಂ.ಮೀ. ಇದ್ದರೆ ಸಾಕು. ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ 'ಸೇಫ್' ಅಧ್ಯಯನವು ಎರಡನ್ನೂ ಹೋಲಿಸಿದಾಗ, ಸೂಚ್ಯಂಕ ಬಳಸಿದ ಗುಂಪಿನಲ್ಲಿ 'ನೀರು ಕಡಿಮೆ' ಎಂಬ ನಿರ್ಣಯವೂ ಔಷಧದಿಂದ ನೋವು ಬರಿಸಿದ ಪ್ರಸಂಗಗಳೂ ಹೆಚ್ಚಾದವು, ಮಕ್ಕಳ ಆರೋಗ್ಯ ಮಾತ್ರ ಸುಧಾರಿಸಲಿಲ್ಲ.

ಹಾಗೆಂದು ನೀರಿನ ಕೊರತೆ ಪೊಳ್ಳು ಭಯವಲ್ಲ. ಕೊನೆಯ ತಿಂಗಳುಗಳಲ್ಲಿ ಗರ್ಭಜಲದ ಬಹುಪಾಲು ಮಗುವಿನ ಮೂತ್ರವೇ ಆಗಿರುವುದರಿಂದ, ಮಾಸಿನ (ಪ್ಲಸೆಂಟಾ) ಪೂರೈಕೆ ಸಾಲದಾದಾಗ ರಕ್ತ ಮಿದುಳಿನತ್ತ ತಿರುಗಿ, ಮೂತ್ರಪಿಂಡಗಳ ಪಾಲು ಇಳಿದು, ನೀರು ಬತ್ತುತ್ತದೆ. ತಾಯಿಯ ರಕ್ತದೊತ್ತಡ ಅಥವಾ ಮಗುವಿನ ಕುಂಠಿತ ಬೆಳವಣಿಗೆ ಜೊತೆಗಿದ್ದರೆ ಎಚ್ಚರಿಕೆ ಅನಿವಾರ್ಯ. ಆಗಲೂ, ಬೇರೆ ತೊಡಕಿಲ್ಲದಿದ್ದರೆ, ಎದೆಬಡಿತದ ಮೇಲೆ ಕಣ್ಣಿಟ್ಟು ನೋವು ಬರಿಸಬಹುದು. ಬಳ್ಳಿ ಅದುಮಿಹೋಗಿ ಬಡಿತ ಏರುಪೇರಾದರೆ ಶಸ್ತ್ರಕ್ರಿಯೆ ಬೇಕಾಗಬಹುದು.

ನೀರು ಅತಿಯಾದಾಗ, ಅಂದರೆ ಒಂದೇ ಮಡು 8 ಸೆಂ.ಮೀ. ಮುಟ್ಟಿದಾಗ, ಅಪಾಯದ ಸ್ವರೂಪವೇ ಬೇರೆ: ಮಗುವಿನ ತಲೆ ನೆಲೆಗೊಳ್ಳದೆ ತೇಲುತ್ತದೆ, ನೀರು ಒಮ್ಮೆಲೆ ಒಡೆದರೆ ಬಳ್ಳಿ ಮೊದಲು ಜಾರಿ ತುರ್ತು ಸಿಸೇರಿಯನ್ ಬೇಕಾಗಬಹುದು, ಹಿಗ್ಗಿದ ಗರ್ಭಕೋಶ ಹೆರಿಗೆಯ ನಂತರ ಬಿಗಿಯಾಗದೆ ರಕ್ತಸ್ರಾವವೂ ಆಗಬಹುದು. ಕಾರಣ ಕಾಣದ ಸೌಮ್ಯ ಹೆಚ್ಚಳವಷ್ಟೇ ಇದ್ದರೆ 39 ವಾರಕ್ಕೆ ಮೊದಲು ಅವಸರಪಡುವ ಅಗತ್ಯವಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್ ಆಗಿರುವಾಗ, 'ನೀರು ಕಡಿಮೆ' ಎಂದು ಕೇಳಿದ ಕುಟುಂಬದವರು ಆಳದ ಮಡು ಎಷ್ಟಿದೆ, ಮಗುವಿನ ಬೆಳವಣಿಗೆ ಮತ್ತು ಎದೆಬಡಿತ ಹೇಗಿವೆ ಎಂದು ವೈದ್ಯರನ್ನು ಕೇಳುವುದು ಒಳಿತು. ಮಗುವಿನ ಚಲನೆ ಕಡಿಮೆಯಾದರೆ ಅಥವಾ ನೀರು ಸೋರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.