ವಿವಾಹವಿಚ್ಛೇದನವೂ ಸ್ತ್ರೀಧನವೂ

ಗೃಹಸ್ಥರು ಓದತಕ್ಕ ಪತ್ರಿಕೆಯಲ್ಲಿ ಇಂತಹ ವಿಷಯವನ್ನು ಎತ್ತುವುದು ಉಚಿತವೇ ಎಂದು ಕೆಲವರು ವಾಚಕ ಮಹಾಶಯರು ಹುಬ್ಬುಗಂಟಿಕ್ಕಬಹುದು. ನಾವೂ ಹಾಗೆಯೇ ಭಾವಿಸಿದ್ದವರು. ಆದರೆ ಕೆಂಪಾಪುರದ ಕಾಫಿ ಬೋರ್ಡ್ ಬಡಾವಣೆಯ ಮಗ್ಗುಲಲ್ಲಿರುವ ನಮ್ಮ ಮನೆಯ ಜಗಲಿಗೆ, ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಬಂದು ಕುಳಿತ ಸಂಜೆಯಿಂದ ಆ ಸಂಕೋಚವನ್ನು ಬಿಟ್ಟಿದ್ದೇವೆ.

“ಮೇಷ್ಟ್ರೇ, ಒಡವೆಯೂ ಹೋಯಿತು, ಮನೆಯೂ ನನ್ನದಲ್ಲವಂತೆ” ಎಂದಳು. ಮದುವೆಯಲ್ಲಿ ತಾಯಿ ಇಟ್ಟ ಚಿನ್ನವನ್ನು ಮಾರಿ ಆ ಹಣವನ್ನು ಮನೆಯ ಮುಂಗಡಕ್ಕೆ ಕೊಟ್ಟಿದ್ದಳು. ಮನೆ ನೋಂದಣಿಯಾದದ್ದು ಗಂಡನೊಬ್ಬನ ಹೆಸರಿನಲ್ಲಿ. ಬ್ಯಾಂಕಿನ ಸಾಲಪತ್ರಕ್ಕೆ ಮಾತ್ರ ಇಬ್ಬರ ರುಜು! ಏಳು ವರ್ಷದ ಮಗು ಬೇರೆ.

ದಂಪತಿಗಳು ಬೇರೆಯಾಗುವುದು ಕಲಿಯುಗದ ವಿಪರೀತವೆಂದು ನಿಟ್ಟುಸಿರಿಡುವವರಿಗೆ ಒಂದು ಮಾತು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ, ಪರಸ್ಪರ ದ್ವೇಷವುಂಟಾದಲ್ಲಿ ಬಿಡುಗಡೆಗೆ ಅವಕಾಶವಿದೆ. ಧರ್ಮವಿವಾಹಗಳಿಗೆ ಅದು ಸಲ್ಲದೆಂಬ ನಿರ್ಬಂಧವೂ ಅಲ್ಲಿಯೇ ಇದೆಯೆನ್ನಿ. ಸ್ತ್ರೀಧನದ ವಿಚಾರವಂತೂ ನಮ್ಮ ನಾಡಿನ ಹೆಮ್ಮೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು. ಉಡುಗೊರೆಯಾಗಿ ಬಂದುದಷ್ಟೇ ಅಲ್ಲ, ಸ್ತ್ರೀಯು ಕೊಂಡುದು, ದಾಯವಾಗಿ ಪಡೆದುದು ಸಹ ಸ್ತ್ರೀಧನವೇ ಎಂದು ಅವನು ಆ ಪದದ ಅರ್ಥವನ್ನು ಹಿಗ್ಗಿಸಿದನು. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಕಾಯಿದೆ ಮಾಡಿತು.

ದುರ್ಭಿಕ್ಷ, ವ್ಯಾಧಿ ಮುಂತಾದ ಆಪತ್ತುಗಳಲ್ಲಿ ಗಂಡನು ಬಳಸಿದ ಸ್ತ್ರೀಧನವನ್ನು ಹಿಂದಿರುಗಿಸಬೇಕಾದುದಿಲ್ಲವೆಂದು ಸ್ಮೃತಿ ಹೇಳುತ್ತದೆ. ಈಗಿನ ನ್ಯಾಯವು ಇನ್ನೂ ಕಟ್ಟುನಿಟ್ಟು. ಸ್ತ್ರೀಧನವು ಹೆಂಡತಿಯೊಬ್ಬಳದೇ, ಗಂಡನ ಕೈಯಲ್ಲಿದ್ದರೆ ಅದು ನಂಬಿಕೆಯ ಇಡುಗಂಟು ಎಂದು ಸುಪ್ರೀಂ ಕೋರ್ಟು 1985ರಲ್ಲಿ ನಿರ್ಣಯಿಸಿತು. ಕಷ್ಟಕಾಲದಲ್ಲಿ ಬಳಸಿದರೂ ಹಿಂದಿರುಗಿಸುವುದು ಅವನ ನೈತಿಕ ಹೊಣೆಯೆಂದು 2024ರಲ್ಲಿ ಹೇಳಿತು. ಕೇರಳದ ಆ ಮೊಕದ್ದಮೆಯಲ್ಲಿ, 2009ರ ಬೆಲೆಯಂತೆ 8.90 ಲಕ್ಷ ರೂಪಾಯಿಯೆಂದು ಎಣಿಸಿದ್ದ 89 ಸವರನ್ ಚಿನ್ನಕ್ಕೆ 25 ಲಕ್ಷ ಕೊಡತಕ್ಕದ್ದೆಂದು ಆಜ್ಞೆಯಾಯಿತು. ಚಿನ್ನ ಮಾರಿದ ದಿನದ ಬೆಲೆಗೂ ಇಂದಿನ ಬೆಲೆಗೂ ಇರುವ ಅಂತರವನ್ನು ಬಲ್ಲ ಗೃಹಿಣಿಯರು ಇದನ್ನು ಗಮನಿಸಬೇಕು.

ಮನೆಯ ಸಂಗತಿ ಹಾಗಲ್ಲ. ವಿಚ್ಛೇದನವಾದೊಡನೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬರುವುದೆಂದು ಅನೇಕರು ನಂಬಿದ್ದಾರೆ; ಅಂತಹ ಕಾನೂನು ನಮ್ಮ ರಾಜ್ಯದಲ್ಲಿಲ್ಲ. ಕಂತಿಗೆ ತಾನು ಹಣ ಕಟ್ಟಿದುದಕ್ಕೆ ಬ್ಯಾಂಕಿನ ಲೆಕ್ಕವೇ ಸಾಕ್ಷಿ. ಇನ್ನು ಸಾಲವೋ, ನ್ಯಾಯಾಲಯವು ದಂಪತಿಗಳನ್ನು ಬೇರೆ ಮಾಡಿದರೂ ಬ್ಯಾಂಕು ಮಾಡುವುದಿಲ್ಲ! ರುಜು ಹಾಕಿದ ಇಬ್ಬರೂ ಪೂರ್ತಿ ಬಾಕಿಗೆ ಹೊಣೆ. ಜೀವವಿಮೆಯ ನಾಮಿನಿಯ ಹೆಸರೂ ತಾನಾಗಿ ಬದಲಾಗದು.

1955ರ ಹಿಂದೂ ವಿವಾಹ ಕಾಯಿದೆಯ ಮೇರೆಗೆ ಮೊಕದ್ದಮೆ ನಡೆಯುತ್ತಿರುವಾಗಲೂ ಅನಂತರವೂ ಜೀವನಾಂಶವನ್ನು ಕೇಳಬಹುದು. ನಿರ್ಗತಿಕನಾದ ಗಂಡನೂ ಕೇಳಬಹುದೆಂಬುದು ಹಲವರಿಗೆ ತಿಳಿಯದು. 2020ರ ನವೆಂಬರಿನ ತೀರ್ಪಿನಂತೆ ಉಭಯರೂ ವರಮಾನ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಹೇಳತಕ್ಕದ್ದು. ಜೀವನಾಂಶವು ಅರ್ಜಿ ಕೊಟ್ಟ ದಿನದಿಂದಲೇ ಸಲ್ಲತಕ್ಕದ್ದು. ಒಂದು ವರ್ಷ ಬೇರೆಯಿದ್ದವರು ಒಮ್ಮತದಿಂದ ಅರ್ಜಿ ಕೊಟ್ಟರೆ ಮತ್ತೆ ಆರು ತಿಂಗಳು ಕಾಯಬೇಕು. ಯೋಗ್ಯ ಸಂದರ್ಭದಲ್ಲಿ ಇದನ್ನು ನ್ಯಾಯಾಲಯವು ಮನ್ನಿಸಬಹುದೆಂದು 2017ರಲ್ಲಿ ತೀರ್ಮಾನವಾಗಿದೆ. ಬೇಗ ಮುಗಿದರೆ ಸಾಕೆಂಬ ಬೇಸರದಲ್ಲಿ ಒಡಂಬಡಿಕೆಗೆ ರುಜು ಹಾಕುವುದು ನಮ್ಮ ದೃಷ್ಟಿಯಲ್ಲಿ ದೊಡ್ಡ ಅಪಾಯ. ಮಗುವಿನ ಶಾಲೆಯ ಶುಲ್ಕವನ್ನು ಯಾರು ಕಟ್ಟುವರೆಂಬುದೂ ಅದರಲ್ಲಿರಬೇಕು.

ನಾವು ಅವಳನ್ನು ಸಿದ್ಧಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಕಳುಹಿಸಿದೆವು. ಕುಟುಂಬ ನ್ಯಾಯಾಲಯವಿರುವುದು ಅಲ್ಲಿಯೇ. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಅಲ್ಲಿದೆ. ವರಮಾನವೆಷ್ಟೇ ಇರಲಿ, ಸ್ತ್ರೀಯರಿಗೆ ಉಚಿತ ಕಾನೂನು ನೆರವು ದೊರೆಯಬೇಕೆಂದು 1987ರ ಕಾಯಿದೆ ವಿಧಿಸಿದೆ. “ವಕೀಲರ ಖರ್ಚಿಗೆ ಇನ್ನು ಏನನ್ನು ಮಾರಲಿ” ಎಂದು ಕೇಳಿದ್ದ ತಾಯಿಗೆ ಈ ಮಾತಿನಿಂದ ಎಷ್ಟೋ ಸಮಾಧಾನವಾಯಿತು.

ಆಕೆ ಟ್ರಂಕಿನ ತಳದಿಂದ ಚಿನ್ನದಂಗಡಿಯ ಚೀಟಿಗಳನ್ನು ತೆಗೆದಳು. ಒಂದೊಂದರ ಮೇಲೂ ತೂಕವಿತ್ತು. ಮದುವೆಯ ಚಿತ್ರಗಳಲ್ಲಿ ಒಡವೆಗಳೂ ಕಾಣುತ್ತಿದ್ದವು. ಮಧ್ಯಸ್ಥರ ಮುಂದೆ ನಾಲ್ಕು ಸಲ ಕುಳಿತ ಮೇಲೆ, ಮನೆಯನ್ನು ಮಾರಿ ಮೊದಲು ಬ್ಯಾಂಕಿನ ಬಾಕಿಯನ್ನು ತೀರಿಸುವುದು, ಆಮೇಲೆ ಒಡವೆಯ ತೂಕಕ್ಕೆ ಅಂದಿನ ಬೆಲೆಯಂತೆ ಅವಳಿಗೆ ಕೊಡುವುದು, ಉಳಿದುದರಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡುವುದು ಎಂದು ಒಪ್ಪಂದವಾಯಿತು.

ಅಜ್ಜಿಯ ಎರಡೆಳೆಯ ಸರವೊಂದಕ್ಕೆ ಮಾತ್ರ ಚೀಟಿಯೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಅವಳು ಅದನ್ನು ಪಟ್ಟಿಯಲ್ಲಿ ಬರೆದಿರಲೇ ಇಲ್ಲ. ಪಟ್ಟಿಯನ್ನು ಓದಿದ ಆ ತರುಣನು ಲೇಖನಿ ಕೇಳಿ ತೆಗೆದುಕೊಂಡು, ಕೊನೆಯಲ್ಲಿ “ಎರಡೆಳೆ ಸರ, 32 ಗ್ರಾಂ” ಎಂದು ತನ್ನ ಕೈಯಿಂದಲೇ ಸೇರಿಸಿದನಂತೆ.