ಒಂದೇ ಒಂದು ಅಕ್ಷರ ತಪ್ಪಿದರೆ ಏನಾಗುತ್ತೆ?



ನನ್ನ ತಂಗಿ 2ನೇ ತರಗತಿ. ಅವಳು ತಿಂಗಳಿಗೊಂದು ಸಲ ಶಾಲೆಗೆ ಯಾಕೆ ಬರಲ್ಲ ಅಂತ ನೀವೆಲ್ಲಾ ಕೇಳ್ತೀರಿ. ಅವತ್ತು ಅಪ್ಪ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರಕೊಂಡು ಹೋಗ್ತಾರೆ. ಅಲ್ಲಿ ಅವಳಿಗೆ ರಕ್ತ ಹಾಕುತ್ತಾರೆ. ಅವಳಿಗಿರುವ ಕಾಯಿಲೆಯ ಹೆಸರು ಥಲಸ್ಸೇಮಿಯಾ. ಅದು ಅಂಟುತ್ತೆ ಅಂತ ಕೆಲವರು ಹೇಳ್ತಾರೆ. ಒಬ್ಬರಂತೂ ಅಮ್ಮನ ಎದುರಿಗೇ, "ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಹೀಗಾಯ್ತು" ಅಂದರು. ಅಮ್ಮ ಅವತ್ತು ಊಟ ಮಾಡಲಿಲ್ಲ. ನಿಜ ಏನು ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ತಂಗಿಯ ರಿಪೋರ್ಟ್ ನೋಡಿ, ಮೂರು ದಿನ ಶಾಲೆ ಬಿಟ್ಟ ಮೇಲೆ ಕೂತು ಹೇಳಿಕೊಟ್ಟರು. ತಿಳಿದದ್ದನ್ನು ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಜೀವಕೋಶದೊಳಗಿನ ಬರಹ

ನಮ್ಮ ರಕ್ತ ಕೆಂಪಗಿರುವುದು ಹಿಮೋಗ್ಲೋಬಿನ್‌ನಿಂದ. ಅದೇ ಮೈಗೆಲ್ಲಾ ಆಮ್ಲಜನಕ ಹೊತ್ತುಕೊಂಡು ಹೋಗುವುದು. ಅದನ್ನು ತಯಾರಿಸುವ ವಿಧಾನ ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಎಂಬ ಉದ್ದ ದಾರದಲ್ಲಿ ಬರೆದಿರುತ್ತದೆ. ಡಿಎನ್‌ಎ ಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಆದ್ದರಿಂದ ಬೇಕಾದ ಭಾಗವನ್ನು ಮಾತ್ರ ನಕಲು ಮಾಡುತ್ತಾರೆ, ನಾವು ಬೋರ್ಡಿನಿಂದ ನೋಟ್ಸ್ ಬರಕೊಂಡ ಹಾಗೆ. ಆ ನಕಲಿಗೆ ಆರ್‌ಎನ್‌ಎ ಅಂತ ಹೆಸರು. ಅದರಲ್ಲಿ ಎ, ಯು, ಜಿ, ಸಿ ಅಂತ ನಾಲ್ಕೇ ಅಕ್ಷರ.

ಆದರೆ ಈ ನಕಲಿನಲ್ಲಿ ಒಂದು ವಿಚಿತ್ರ ಇದೆ. ಬೇಕಾದ ಮಾತಿನ ನಡುನಡುವೆ ಬೇಡದ ತುಂಡುಗಳು ಸೇರಿಕೊಂಡಿರುತ್ತವೆ. ನೀವೂ ಒಂದು ಕಾಗದದ ಪಟ್ಟಿಯಲ್ಲಿ ಹೀಗೆ ಬರೆಯಿರಿ:

ಅಮ್ಮ ಕಖಗಘ ಅಡುಗೆ ತಥದಧ ಮಾಡಿದಳು.

ಕಖಗಘ, ತಥದಧ ಎರಡನ್ನೂ ಕತ್ತರಿಸಿ ತೆಗೆದು ಉಳಿದದ್ದನ್ನು ಅಂಟಿಸಿದರೆ "ಅಮ್ಮ ಅಡುಗೆ ಮಾಡಿದಳು" ಅಂತ ಆಗುತ್ತೆ. ಹಿಮೋಗ್ಲೋಬಿನ್‌ನ ಬೀಟಾ ಎಂಬ ಭಾಗದ ನಕಲೂ ಹೀಗೇ ಇದೆ. ಮೂರು ಬೇಕಾದ ತುಂಡು, ಎರಡು ಬೇಡದ ತುಂಡು. ಬೇಡದ್ದಕ್ಕೆ ಇಂಟ್ರಾನ್ ಎನ್ನುತ್ತಾರೆ. ಮೊದಲನೇ ಇಂಟ್ರಾನ್‌ನಲ್ಲಿ 130 ಅಕ್ಷರ ಇವೆ. ಎರಡನೆಯದರಲ್ಲಿ 850! ಈ ಕತ್ತರಿಸಿ ಅಂಟಿಸುವ ಕೆಲಸಕ್ಕೆ ಸ್ಪ್ಲೈಸಿಂಗ್ ಅಂತ ಹೆಸರು. ವಂಶವಾಹಿಗಳು ಹೀಗೆ ತುಂಡುತುಂಡಾಗಿವೆ ಎಂದು 1977ರಲ್ಲಿ ಕಂಡುಹಿಡಿದವರು ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್. 1993ರಲ್ಲಿ ಇವರಿಗೆ ನೊಬೆಲ್ ಬಹುಮಾನ ಬಂತು.

ಕತ್ತರಿ ಹಿಡಿಯುವವರು ಯಾರು?

ಜೀವಕೋಶದಲ್ಲಿ ಸ್ನರ್ಪ್ ಎಂಬ ಪುಟ್ಟ ಕೆಲಸಗಾರರು ಇದ್ದಾರೆ. ಒಂದೊಂದು ಸ್ನರ್ಪ್ ಅಂದ್ರೆ ಒಂದು ಚಿಕ್ಕ ಆರ್‌ಎನ್‌ಎ ಮತ್ತು ಕೆಲವು ಪ್ರೋಟೀನ್ ಸೇರಿ ಆದ ಜೋಡಿ. ಆರ್‌ಎನ್‌ಎ ಬೆರಳಿನ ಹಾಗೆ ಅಕ್ಷರಗಳನ್ನು ಮುಟ್ಟಿ ಗುರುತು ಹಿಡಿಯುತ್ತದೆ. ಪ್ರೋಟೀನ್ ಅಂಗೈ ಹಾಗೆ ಗಟ್ಟಿಯಾಗಿ ಹಿಡಿಯುತ್ತದೆ. ಮುಖ್ಯವಾಗಿ ಐದು ಇವೆ: ಯು1, ಯು2, ಯು4, ಯು5, ಯು6.

ಇಂಟ್ರಾನ್ ಸಾಮಾನ್ಯವಾಗಿ ಜಿ-ಯು ಎಂದು ಶುರುವಾಗಿ ಎ-ಜಿ ಎಂದು ಮುಗಿಯುತ್ತದೆ. ಶುರುವಿನ ಜಾಗದಲ್ಲಿ ಯು1 ಕೂರುತ್ತದೆ. ಕೊನೆಯ ಹತ್ತಿರ ಯು2 ಕೂರುತ್ತದೆ. ಆಮೇಲೆ ಉಳಿದ ಮೂರೂ ಒಟ್ಟಿಗೆ ಬರುತ್ತವೆ. ಕತ್ತರಿಸುವ ಮುಂಚೆ ಯು1, ಯು4 ಜಾಗ ಬಿಡುತ್ತವೆ. ಇಂಟ್ರಾನ್ ಹಗ್ಗದ ಕುಣಿಕೆ ಹಾಗೆ ಸುತ್ತಿಕೊಂಡು ಕಳಚಿ ಬೀಳುತ್ತದೆ. ಬೇಕಾದ ತುಂಡುಗಳು ಸೇರಿಕೊಳ್ಳುತ್ತವೆ. ಈ ಇಡೀ ಗುಂಪಿನಲ್ಲಿ 100ಕ್ಕಿಂತ ಹೆಚ್ಚು ಪ್ರೋಟೀನ್‌ಗಳಿವೆ.

ಸ್ನರ್ಪ್‌ಗಳು ಗೊತ್ತಾದದ್ದು ರೋಗಿಗಳ ರಕ್ತದಿಂದ. ಲೂಪಸ್ ಎಂಬ ಕಾಯಿಲೆ ಇದ್ದವರ ರಕ್ತದಲ್ಲಿ ಸ್ನರ್ಪನ್ನೇ ಹಿಡಿಯುವ ವಸ್ತು ಇರುತ್ತೆ. ಅದನ್ನು ಬಳಸಿ ಅಮೆರಿಕದ ಜೋನ್ ಸ್ಟೈಟ್ಸ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಶಿಷ್ಯ ಮೈಕೆಲ್ ಲರ್ನರ್ ಇವನ್ನು ಹುಡುಕಿದರು. ಸ್ಪ್ಲೈಸಿಂಗ್‌ನಲ್ಲಿ ಇವುಗಳ ಪಾತ್ರ ಇದೆ ಅಂತ 1980ರಲ್ಲಿ ಅವರ ತಂಡ ಹೇಳಿತು.

ನನ್ನ ತಂಗಿಗೆ ಆದದ್ದು

ಮೊದಲನೇ ಇಂಟ್ರಾನ್ ಹೀಗೆ ಶುರುವಾಗಬೇಕು: ಜಿ ಯು ಯು ಜಿ ಜಿ ಯು. ತಂಗಿಯದರಲ್ಲಿ 5ನೇ ಅಕ್ಷರ ಜಿ ಬದಲು ಸಿ ಇದೆ. ಅಷ್ಟೇ! ಯು1 ತನ್ನ ಸಿ ಅಕ್ಷರವನ್ನು ಈ ಜಿ ಜೊತೆ ಜೋಡಿಸಬೇಕಿತ್ತು. ಈಗ ಸಿ ಎದುರಿಗೆ ಸಿ ಬಂದು ಜೋಡಿ ಆಗಲ್ಲ. ಹಿಡಿತ ಸಡಿಲ ಆಗುತ್ತೆ. ಆಗ ಬೇರೆ ಜಾಗದಲ್ಲಿ ಕತ್ತರಿ ಬೀಳುತ್ತೆ. "ಅಮ್ಮ ಕಖ ಅಡುಗೆ ಮಾಡಿದಳು" ಅಂತಲೋ "ಅ ಅಡುಗೆ ಮಾಡಿದಳು" ಅಂತಲೋ ಆಗಿಬಿಡುತ್ತೆ. ಸರಿಯಾದ ನಕಲು ಬಹಳ ಕಡಿಮೆ ಸಿಗುತ್ತೆ. ಹಿಮೋಗ್ಲೋಬಿನ್ ಸಾಲುವುದಿಲ್ಲ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಅತಿ ಹೆಚ್ಚಾಗಿ ಕಾಣುವ ಕಾರಣ ಇದೇ ಅಕ್ಷರ.

ಈ ಬರಹದ ಎರಡು ಪ್ರತಿ ನಮ್ಮಲ್ಲಿರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಮಾತ್ರ ತಪ್ಪಿದ್ದರೆ ಆರೋಗ್ಯವಾಗೇ ಇರುತ್ತಾರೆ. ನಮ್ಮ ಅಪ್ಪ ಅಮ್ಮ ಇಬ್ಬರೂ ಹಾಗೇ. ಅವರಿಗೇ ಗೊತ್ತಿರಲಿಲ್ಲ. ಇಬ್ಬರಲ್ಲೂ ಒಂದೊಂದು ತಪ್ಪಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನನಗೆ ಬರಲಿಲ್ಲ, ತಂಗಿಗೆ ಬಂತು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಮ್ಮನ ತಪ್ಪೂ ಇಲ್ಲ. ಜೊತೆಗೆ ಕೂತರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಅಂಟುವುದೂ ಇಲ್ಲ.

ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರೆ ಇದು ಮೊದಲೇ ಗೊತ್ತಾಗುತ್ತೆ. ದೊಡ್ಡವರಿಗೆ ಹೇಳಿ. 18 ವರ್ಷ ತುಂಬಿದ ಆರೋಗ್ಯವಂತ ಅಣ್ಣಂದಿರು, ಅಕ್ಕಂದಿರು, ಗುರುಗಳು ರಕ್ತ ಕೊಡಬಹುದು. ನನ್ನ ತಂಗಿಯ ಮೈಯಲ್ಲಿ ಈಗ ಓಡುತ್ತಿರುವುದು ಯಾರೋ ಹೆಸರು ಗೊತ್ತಿಲ್ಲದವರು ಕೊಟ್ಟ ರಕ್ತ. ಅವರಿಗೆ ನನ್ನ ನಮಸ್ಕಾರ.

ಗೆಳೆಯರೇ, ನಾಳೆಯಿಂದ ಕುಂಟೆಬಿಲ್ಲೆ ಆಡುವಾಗ ಅವಳನ್ನೂ ಕರೀರಿ. ಬೇಗ ಸುಸ್ತಾಗ್ತಾಳೆ, ಅಷ್ಟೇ. ಅವಳ ಸರದಿ ಬಂದಾಗ ಸ್ವಲ್ಪ ಕಾಯಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ