ಯೇವೂರ್ ಬೆಟ್ಟದ ಚಳಿಗಾಲದ ಒಕ್ಕಲು

ಮುಂಬಯಿ ಬಳಿಯ ಠಾಣೆ ನಗರದ ಮಾಜಿವಾಡಾದ ಪಶ್ಚಿಮಕ್ಕಿರುವ ಯೇವೂರ್ ಬೆಟ್ಟಗಳು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವ ಭಾಗಕ್ಕೆ ಸೇರಿದ್ದು, ಮಳೆಗಾಲ ಕಳೆದ ಮೇಲೆ ಉತ್ತರದಿಂದ ಬರುವ ಉಲಿಯಕ್ಕಿ, ನೊಣಹಿಡುಕಗಳಂಥ ಪುಟ್ಟ ಹಕ್ಕಿಗಳಿಗೆ ಆಸರೆಯಾಗುತ್ತವೆ. ಇದೇ ಊರಿನ ಬಳಿ ಸಮುದ್ರದ ನೀರು ಒಳನಾಡಿಗೆ ಚಾಚಿಕೊಂಡಿರುವ ಠಾಣೆ ಖಾಡಿಯು ಫ್ಲೆಮಿಂಗೊಗಳ ದೆಸೆಯಿಂದ 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಟ್ಟದ ವಲಸಿಗರಾದರೋ ಹಿಂಡುಗಟ್ಟಿ ಬಯಲಿಗೆ ಬಾರದೆ ಎಲೆಮರೆಯಲ್ಲೇ ಉಳಿಯುವುದರಿಂದ ಜನರ ಕಣ್ಣಿಗೂ ಗಣತಿಗೂ ಸುಲಭವಾಗಿ ಸಿಗುವುದಿಲ್ಲ.

ಇಂಥ ಹಕ್ಕಿಗಳನ್ನು ಅರಿಯಲು ನೆರವಾಗುವ ಉಂಗುರ ತೊಡಿಸುವ ಕ್ರಮ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆದುದಕ್ಕೆ ಕನ್ನಡನಾಡಿನ ಒಂದು ರೋಗವೇ ಕಾರಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಿಸಲ್ಪಟ್ಟಾಗ, ಅದರ ವೈರಸ್ಸು ರಷ್ಯಾದ ಉಣುಗುಗಳು ಹರಡುವ ಮಿದುಳುರಿತದ ವೈರಸ್ಸನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳ ಮೈಗಂಟಿದ ಉಣುಗುಗಳ ಮೂಲಕ ಅದು ಬಂದಿರಬಹುದೆಂಬ ಶಂಕೆ ಮೂಡಿತು. ಇದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆಯ ಅಧ್ಯಯನವನ್ನು ಕೈಗೊಂಡಿತು. ಮರಗಳ ನಡುವೆ ಕಟ್ಟಿದ ನಯವಾದ ಬಲೆಗೆ ಸಿಕ್ಕ ಹಕ್ಕಿಯನ್ನು ಬಿಡಿಸಿ, ರೆಕ್ಕೆಯ ಉದ್ದವನ್ನೂ ತೂಕವನ್ನೂ ದಾಖಲಿಸಿ, ಸಂಸ್ಥೆಯ ಹೆಸರು ಹಾಗೂ ಕ್ರಮಸಂಖ್ಯೆ ಕೊರೆದ ಹಗುರ ಲೋಹದ ಬಳೆಯನ್ನು ಕಾಲಿಗೆ ತೊಡಿಸಿ ಹಾರಲು ಬಿಡುವುದು ಇದರ ವಿಧಾನ.

ಹೀಗೆ ಗುರುತು ಹಚ್ಚಿದ ಹಕ್ಕಿ ಮರುವರ್ಷವೂ ಕಂಡಾಗಲೇ ನೆಲೆಯ ನಿಜವಾದ ಬೆಲೆ ತಿಳಿಯುತ್ತದೆ. ಹತ್ತು ಗ್ರಾಮಿನಷ್ಟೂ ತೂಗದ ಹಸಿರು ಉಲಿಯಕ್ಕಿಯ ಕುರಿತು ತಮಿಳುನಾಡಿನ ಕಳಕ್ಕಾಡು–ಮುಂಡಂತುರೈ ಕಾಡಿನಲ್ಲಿ ನಡೆದ ಸಂಶೋಧನೆಯು, ಅದು ಚಳಿಗಾಲದುದ್ದಕ್ಕೂ ಕೆಲವೇ ಮರಗಳ ಒಂದು ಜಾಗವನ್ನು ತನ್ನದಾಗಿಸಿಕೊಂಡು, ಕೂಗಿ ಇತರರನ್ನು ಅಟ್ಟಿ, ಬದುಕುಳಿದರೆ ಮುಂದಿನ ವರ್ಷ ಅಲ್ಲಿಗೇ ಮರಳುತ್ತದೆಂದು ತೋರಿಸಿತು. ಆದುದರಿಂದ ಕಾಡಿನ ಒಂದು ತುಂಡು ಬೋಳಾದರೆ ಹಕ್ಕಿ ಪಕ್ಕದ ಮರಕ್ಕೆ ಹೋದೀತೆಂಬ ಸಮಾಧಾನ ನಿಲ್ಲದು. ಪಕ್ಕದ ಮರಕ್ಕೂ ಒಕ್ಕಲಿರುತ್ತದೆ.

ಘೋಡ್‌ಬಂದರ್ ರಸ್ತೆಯ ಬಡಾವಣೆಗಳು ಬೆಟ್ಟದ ಬುಡದವರೆಗೆ ಬೆಳೆದಿರುವ ಠಾಣೆಯಲ್ಲಿ, ಜಾತಿಗಳ ಪಟ್ಟಿಯೊಂದೇ ಸಂರಕ್ಷಣೆಗೆ ಸಾಲದು. ಗೊತ್ತಾದ ಜಾಗಗಳಲ್ಲಿ, ಗೊತ್ತಾದ ಹೊತ್ತಿಗೆ ವರ್ಷ ವರ್ಷವೂ ಎಣಿಸುವುದು, ಹಳ್ಳದ ದಂಡೆಯ ಪೊದೆಗಳನ್ನು ಸವರದಿರುವುದು, ಬೇಸಿಗೆಯ ಬೆಂಕಿಯನ್ನು ತಡೆಯುವುದು ಇವು ಒಟ್ಟಿಗೆ ನಡೆದರೆ ಮಾತ್ರ, ಉದ್ಯಾನದ ಗಡಿ ನಕ್ಷೆಯಲ್ಲಿ ಹಾಗೆಯೇ ಇದ್ದೂ ಅದರೊಳಗಿನ ನೆಲೆಗಳು ಕರಗಿಹೋಗುವುದನ್ನು ಸಕಾಲದಲ್ಲಿ ಕಾಣಲು ಸಾಧ್ಯ.